ಕಾಜಾ ಅಕ್ಕ ಹೇಳಿದ ಸಾಕ್ಷಿ

ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚುವ ಹೆಂಗಸನ್ನು ಬೀದಿಯವರೆಲ್ಲ ಕಾಜಾ ಅಕ್ಕ ಅಂತಲೇ ಕರೆಯುತ್ತಿದ್ದರು. ಬಾಯಿ ಜೋರು. ಗುಂಡಿ ಕಿತ್ತುಕೊಂಡು ಬಂದವರಿಗೆ, "ತಪ್ಪು ಗುಂಡೀದಲ್ಲಪ್ಪಾ, ಹೊಟ್ಟೇದು. ಅದಕ್ಕೆ ನಾನು ಹೊಲಿಗೆ ಹಾಕೋಕಾಗಲ್ಲ" ಅನ್ನುವಳು. ಮಗನ ಮಾತು ಬಂದರೆ ಮಾತ್ರ ಅದೇ ಬಾಯಿ ಮೆತ್ತಗಾಗುತ್ತಿತ್ತು. ಸೈನ್ಯಕ್ಕೆ ಸೇರಿದ ಮಗ ಗಡಿಯಲ್ಲಿ ಸತ್ತಿದ್ದ.

ಅವನು ಹೋದ ಹೊಸದರಲ್ಲಿ ಅವಳಿಗೆ ಅನ್ನ ನೀರು ಯಾವುದೂ ಸೇರುತ್ತಿರಲಿಲ್ಲ. ಸತ್ತ ಅನ್ನುವುದನ್ನು ಹೇಗೋ ನುಂಗಿಕೊಂಡಿದ್ದಳು. ಸಾಯುವಾಗ ಹತ್ತಿರ ಯಾರಿದ್ದರು, ಯಾರನ್ನು ಕರೆದ, ಅದೇ ಕೊರಗು. ಆಗ ಬಂದ ನೋಡಿ ಒಬ್ಬ ಪುಣ್ಯಾತ್ಮ! ಅದೇ ಪಡೆಯಲ್ಲಿದ್ದೆ ಅಂದ, ಅವಳ ಕಾಲ ಬಳಿ ಕೂತ. "ಅಮ್ಮಾ, ನನ್ನ ತೊಡೆ ಮೇಲೆ ತಲೆ ಇಟ್ಕೊಂಡೇ ಪ್ರಾಣ ಬಿಟ್ಟ. ಕೊನೇಲಿ ನಿಮ್ಮನ್ನೇ ಕರೆದ" ಅಂದ. ಅವತ್ತು ಅವಳು ಹೊಟ್ಟೆ ತುಂಬ ಉಂಡಳು.

ಆಮೇಲೆ ಆತ ರಾಜಕೀಯಕ್ಕಿಳಿದು ನಾಯಕನಾದ. ಸಭೆಗಳಿಗೆ ಅವಳನ್ನೂ ಕರೆಸಿ ಪಕ್ಕದಲ್ಲಿ ಕೂರಿಸುವನು. ಅಂಥದ್ದೊಂದು ಸಭೆಯಲ್ಲಿ ಮೈಕು ಕೈಗೆ ಬಂದಾಗ ಅವಳು, "ನನ್ನ ಮಗ ನೀರು ಕೇಳಿದ, ಇವರು ತಮ್ಮ ಬಾಟಲಿಯಿಂದ ಕುಡಿಸಿದ್ರು" ಅಂದುಬಿಟ್ಟಳು. ಹಾಗಂತ ಅವಳಿಗೆ ಯಾರೂ ಹೇಳಿರಲಿಲ್ಲ. ಮಗ ಬಾಯಾರಿ ಸತ್ತ ಅಂದುಕೊಳ್ಳಲು ಹೆತ್ತ ಕರುಳಿಗೆ ಆಗಲಿಲ್ಲ, ಅಷ್ಟೇ. ತಪ್ಪೇ? ನೀವೇ ಹೇಳಿ. ಮುಂದಿನ ಸಭೆಯಲ್ಲಿ ನಾಯಕನೇ ನೀರಿನ ಮಾತು ಎತ್ತಿದ. ಅಯ್ಯೋ, ನಿಜವಾಗಲೂ ಕುಡಿಸಿದ್ದಾನೆ, ಅವತ್ತು ಹೇಳೋಕೆ ಮರೆತಿದ್ದ ಅಂದುಕೊಂಡಳು. ಅವಳ ಜೀವ ತಣ್ಣಗಾಯಿತು.

ವರ್ಷಗಳು ಕಳೆದ ಮೇಲೆ ಒಂದು ಪತ್ರಿಕೆ ಬರೆಯಿತು: ನಾಯಕ ಗಡಿಯ ಮುಖವನ್ನೇ ಕಂಡವನಲ್ಲ, ಸೇವೆಯೆಲ್ಲ ಕಳೆದದ್ದು ಎಲ್ಲೋ ದೂರದ ಉಗ್ರಾಣದಲ್ಲಿ. ನಾಯಕ ಕೆಂಡಾಮಂಡಲವಾಗಿ ಮಾನನಷ್ಟ ಮೊಕದ್ದಮೆ ಹೂಡಿದ. ಅವನ ಪರ ಸಾಕ್ಷಿ ಕಾಜಾ ಅಕ್ಕ. "ಆ ಪೇಪರಿನವರ ಬಾಯಿ ಹೊಲಿದೇ ಬರ್ತೀನಿ" ಅಂತ ಮಗಳನ್ನು ಕರೆದುಕೊಂಡು ಕೋರ್ಟಿಗೆ ಹೊರಟಳು.

ಪತ್ರಿಕೆಯ ವಕೀಲ ಮೆತ್ತಗಿನ ಮನುಷ್ಯ, ಜೋರು ಮಾತಿಲ್ಲ. ನಾಯಕ ಪ್ರಮಾಣ ಮಾಡಿ ಕೊಟ್ಟಿದ್ದ ಹೇಳಿಕೆಯನ್ನು ಓದಿದ: "ಅವನು ನೀರು ಕೇಳಿದ. ನನ್ನ ಬಾಟಲಿಯಿಂದ ಕುಡಿಸಿದೆ. ಅವನ ತಾಯಿಯನ್ನು ಮೊದಲು ಕಂಡ ದಿನವೇ ಇದನ್ನು ಅವರಿಗೆ ತಿಳಿಸಿದ್ದೆ." ಆಮೇಲೆ ತಲೆಯೆತ್ತಿ ಕೇಳಿದ, "ಹೌದೇನಮ್ಮಾ? ಅವತ್ತೇ ಹೇಳಿದ್ರಾ?"

ಆ ದಿನದ ಒಂದೊಂದು ಮಾತೂ ಅವಳಿಗೆ ಬಾಯಿಪಾಠ. ಅದರಲ್ಲಿ ನೀರಿರಲಿಲ್ಲ. ತಾನು ಕಟ್ಟಿದ ಮಾತನ್ನೇ ಈತ ಕಣ್ಣಾರೆ ಕಂಡವನ ಹಾಗೆ ಹೇಳಿಕೊಂಡು ತಿರುಗಿದ್ದಾನೆ. ಹಾಗಾದರೆ ಆ ತೊಡೆ? ಅಮ್ಮಾ ಅಂತ ಕರೆದದ್ದು?

ಹೌದು ಅಂದುಬಿಟ್ಟರೆ ಮುಗಿಯಿತು. ಮಗ ಆ ತೊಡೆಯ ಮೇಲೆ ಹಾಗೇ ಉಳಿಯುತ್ತಾನೆ. ಯಾರಿಗೂ ಗೊತ್ತಾಗುವುದಿಲ್ಲ. ಎದುರಿಗೆ ಕೂತ ನಾಯಕ, ಹೇಳಮ್ಮಾ ಅನ್ನುವಂತೆ ತಲೆಯಾಡಿಸಿದ. ಅವಳು ಹೇಳಲು ನೋಡಿದಳು. ನಾಲಿಗೆ ಹೊರಳಲಿಲ್ಲ.

"ಇಲ್ಲ ಸ್ವಾಮಿ" ಅಂದಳು. "ನೀರಿನ ಮಾತು ನಂದು. ನಾನೇ ಕಟ್ಟಿದ್ದು. ಇವರು ನನ್ನ ಮಗನ ಹತ್ರ ಇದ್ದಿದ್ರೆ, ನಾನು ನೀರು ಕೊಡ್ಲಿಲ್ಲಮ್ಮಾ ಅಂತ ಆ ಸಭೇಲೇ ನನ್ನ ಬಾಯಿ ಮುಚ್ಚಿಸ್ತಿದ್ರು."

ಕೋರ್ಟಿನಲ್ಲಿ ಗುಸುಗುಸು ಎದ್ದಿತು. ಪತ್ರಿಕೆಯವರು ಗೆದ್ದೆವೆಂದು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ಅವರ ಗೆಲುವಿಗೆ ಬೆಂಕಿ ಬೀಳಲಿ, ಇವಳಿಗೇನಾಗಬೇಕು ಅದರಿಂದ? ಹೊರಗೆ ಬಂದವಳೇ ಕಾರಿನ ಬಳಿ ನಿಂತಿದ್ದ ನಾಯಕನ ತೋಳು ಹಿಡಿದಳು.

"ಕೇಸು ಹಾಳಾಗಿ ಹೋಗ್ಲಿ. ಒಂದೇ ಒಂದು ಮಾತು ಹೇಳಪ್ಪಾ. ನನ್ನ ಮಗನ ಹತ್ರ ಯಾರಿದ್ರು?"

ನಾಯಕ ಮುಖ ತಗ್ಗಿಸಿದ. "ಗೊತ್ತಿಲ್ಲಮ್ಮಾ" ಅಂದು ಕಾರು ಹತ್ತಿದ.

ಅವಳು ಕೋರ್ಟಿನ ಮೆಟ್ಟಿಲ ಮೇಲೆ ಕುಸಿದು, ಎದೆ ಬಡಿದುಕೊಂಡು ಅತ್ತಳು. ಮಗಳು ಎಬ್ಬಿಸಲು ನೋಡಿದಳು.

"ಏಳಮ್ಮಾ, ಎಲ್ಲಾ ನೋಡ್ತಿದಾರೆ. ಅಣ್ಣ ಹೋಗಿ ಎಷ್ಟು ಕಾಲ ಆಯ್ತು, ಈಗ ಹೀಗೆ ಅಳ್ತಾರಾ?"

"ಬಿಡೇ ನನ್ನ" ಅಂದಳು. "ಅವನು ಒಬ್ನೇ ಸತ್ತ ಅನ್ನೋ ಸುದ್ದಿ ನಂಗೆ ಬಂದಿರೋದು ಇವತ್ತು ಕಣೇ."