ಸಾವಿಗೆ ಬರುವ ಎಮ್ಮೆಲ್ಲೆ

ನಮ್ಮೆಜಮಾನರು ಎರಡು ಸಲ ಎಮ್ಮೆಲ್ಲೆ ಆಗಿದ್ದು ಹೆಣಗಳ ಪುಣ್ಯದಿಂದ. ಇದನ್ನು ಅವರ ಮುಖಕ್ಕೇ ಹೇಳಿದ್ದೇನೆ, ಬರೆಯಲು ನನಗೇನೂ ಸಂಕೋಚವಿಲ್ಲ. ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಪಿಎ ಫೋನಿನಿಂದ. ಕ್ಷೇತ್ರದಲ್ಲಿ ಆ ದಿನ ಯಾರು ಯಾರು ಹೋದರೆಂದು ಅವನು ವಿಚಾರಿಸಿ ಹೇಳುವನು. ಇವರು ಕಾಫಿ ಕುಡಿಯುತ್ತಾ ಯಾವ ಮನೆಗೆ ಮೊದಲು ಎಂದು ತೀರ್ಮಾನಿಸುವರು. ದೊಡ್ಡ ಮನೆತನವಾದರೆ ಹೆಣ ಎತ್ತುವ ಮೊದಲು, ಚಿಕ್ಕದಾದರೆ ತಿಥಿಗೆ. ಕಾರಿನ ಡಿಕ್ಕಿಯಲ್ಲಿ ಸುಗಂಧರಾಜದ ಹಾರಗಳು ಒದ್ದೆ ಗೋಣಿಯಲ್ಲಿ ಸುತ್ತಿ ಸದಾ ಇರುತ್ತಿದ್ದವು. ಇವತ್ತಿಗೂ ನಾನು ಸುಗಂಧರಾಜ ಮುಡಿಯುವುದಿಲ್ಲ.

ಕೊಬ್ಬರಿ ಬೆಲೆ ಬಿದ್ದಾಗ ಇವರು ಸದನದಲ್ಲಿ ಬಾಯಿ ಬಿಟ್ಟವರಲ್ಲ. ಆದರೆ ಸಾವಿನ ಮನೆಯಲ್ಲಿ ಹಿರಿ ಹೆಂಗಸಿನ ಎರಡೂ ಕೈ ಹಿಡಿದು, "ಅವ್ವಾ, ನಾನಿಲ್ವಾ?" ಅಂದರೆ ಸಾಕು, ಇಡೀ ಬೀದಿ ಕರಗುತ್ತಿತ್ತು. "ಕೆಲ್ಸ ಮಾಡ್ದಿದ್ರೆ ಬುಡು, ಸಾವಿಗ್ ಬತ್ತಾರಲ್ಲ" ಎನ್ನುತ್ತಿದ್ದರು ಜನ.

ನನ್ನ ತವರು ಕುಣಿಗಲ್. ಅದು ಇವರ ಕ್ಷೇತ್ರವಲ್ಲ. ಅಲ್ಲಿ ನನ್ನಪ್ಪ ತೀರಿಕೊಂಡಾಗ ಬಂದರು, ಹಾರ ಹಾಕಿದರು, ವಾಚು ನೋಡಿಕೊಂಡರು. ನನ್ನನ್ನು ಕಂಬದ ಮರೆಗೆ ಕರೆದು, "ಚೇಳೂರಲ್ಲಿ ಒಂದ್ ದೊಡ್ ಸಾವಾಗದೆ. ಇಲ್ಲಿ ನಮ್ಗೆ ಓಟಿಲ್ವಲ್ಲ, ನೀನ್ ನೋಡ್ಕೋ" ಎಂದು ಹೊರಟೇಬಿಟ್ಟರು. ಅಳಿಯ ಎಲ್ಲಿ ಎಂದು ಕೇಳಿದವರೆದುರು ನನ್ನ ನಾಲ್ವರು ತಮ್ಮಂದಿರು ತಲೆ ತಗ್ಗಿಸಿ ನಿಂತರು.

ಮೂರನೇ ಸಲ ಇವರು ಸೋತರು. ಆ ವರ್ಷವೇ ನಮ್ಮತ್ತೆ ಹೋದರು, ಚೇಳೂರಿನ ಹತ್ತಿರವಿರುವ ಇವರ ಹುಟ್ಟೂರಿನ ಮನೆಯಲ್ಲಿ. ಬಿಸಿಲೇರುವ ಮೊದಲೇ ಎತ್ತಿಬಿಡೋಣ ಎಂದರೆ ಇವರು ಒಪ್ಪಲಿಲ್ಲ. "ಕ್ಷೇತ್ರದ್ ಜನ ಬರ್ಬೇಕು ಕಣೇ. ನಾನ್ ಯಾರ್ ಮನೆಗ್ ಹೋಗಿಲ್ಲ ಹೇಳು?" ಎಂದು ಶಾಮಿಯಾನ ಹಾಕಿಸಿ ಕುರ್ಚಿ ತರಿಸಿದರು. ಕುರ್ಚಿಗಳು ಹಾಗೇ ಇದ್ದವು. ಬಂದಿದ್ದವರು ಊರವರು ಒಂದಷ್ಟು, ಕುಣಿಗಲ್‌ನಿಂದ ನನ್ನ ತಮ್ಮಂದಿರು. ಪ್ರತಿ ಕಾರಿನ ಸದ್ದಿಗೂ ಇವರು ಶಲ್ಯ ಸರಿಮಾಡಿಕೊಂಡು ಎದ್ದು ನಿಲ್ಲುವರು, ಕಾರು ಮುಂದೆ ಹೋದರೆ ಕೂರುವರು. ನನಗೆ ಅಯ್ಯೋ ಅನ್ನಿಸಲಿಲ್ಲ. ನಗು ಬಂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅಳುತ್ತಿದ್ದೇನೆಂದು ಪಕ್ಕದವಳು ಬೆನ್ನು ಸವರಿದಳು.

ಹೊತ್ತು ಇಳಿಯುವಾಗ ನಿಜವಾಗಿಯೂ ಕಾರುಗಳ ಸಾಲು ಬಂತು. ಇವರನ್ನು ಸೋಲಿಸಿದ ಹೊಸ ಎಮ್ಮೆಲ್ಲೆ. ಹಿಂದೆ ಜನವೋ ಜನ, ಮುಕ್ಕಾಲು ಪಾಲು ನಮ್ಮ ಮನೆಯಲ್ಲಿ ಉಂಡವರೇ. ನಮ್ಮ ಹಳೇ ಪಿಎ ಹೊಸಬರ ಪಕ್ಕದಲ್ಲಿ ನಿಂತು ಒದ್ದೆ ಗೋಣಿಯಿಂದ ಹಾರ ತೆಗೆದುಕೊಟ್ಟ. ಫೋಟೋದವನು ಇವರ ತೋಳು ಮುಟ್ಟಿ, "ಅಣ್ಣ, ಒಸಿ ಸೈಡಿಗ್ ಬನ್ನಿ, ಸಾಹೇಬ್ರು ಕಾಣ್ತಿಲ್ಲ" ಎಂದ. ಇವರು ತಾಯಿಯ ತಲೆಯ ಬಳಿಯಿಂದ ಸರಿದು ನಿಂತರು. ಹೊಸಬರು ನನ್ನ ಎರಡೂ ಕೈ ಹಿಡಿದು, "ಅಕ್ಕಾ, ನಾನಿಲ್ವಾ?" ಅಂದರು. ಗುಬ್ಬಿಯಲ್ಲಿ ಇನ್ನೊಂದು ಸಾವಿದೆ ಎಂದು ಪಿಎ ಅವರ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಅವರು ಹೊರಟಾಗ ಊರ ಗಂಡಸರೂ ಎದ್ದು, ರಸ್ತೆ ಮಾಡಿಸಿಕೊಡಿ ಎಂದು ಕೇಳಲು ಕಾರಿನ ಹಿಂದೆಯೇ ಹೋದರು.

ಚಟ್ಟಕ್ಕೆ ನಾಲ್ಕು ಹೆಗಲು ಬೇಕು. ಮಗ ಬೆಂಕಿ ಮಡಕೆ ಹಿಡಿದು ಮುಂದೆ ನಡೆಯಬೇಕು, ಹೊರುವಂತಿಲ್ಲ. ಇವರು ಮಡಕೆ ಹಿಡಿದು ಇನ್ನೂ ರಸ್ತೆಯ ಕಡೆಗೇ ನೋಡುತ್ತಿದ್ದರು. ನನ್ನ ತಮ್ಮಂದಿರು ಪಂಚೆ ಎತ್ತಿ ಕಟ್ಟಿ, ಬಗ್ಗಿ, ಚಟ್ಟಕ್ಕೆ ಹೆಗಲು ಕೊಟ್ಟರು. ನಾನು ಹತ್ತಿರ ಹೋಗಿ, ಇವರಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಹೇಳಿದೆ.

"ನೋಡ್ಕೊಳ್ರಿ. ಇವ್ರ್ ಯಾರ್ದೂ ಇಲ್ಲಿ ಓಟಿಲ್ಲ."

ಇವರು ರಸ್ತೆಯಿಂದ ಕಣ್ಣು ತೆಗೆದರು. ಮಡಕೆ ಹಿಡಿದು ಮುಂದೆ ನಡೆದರು.