ಪಟ್ಟಿಯಲ್ಲಿ ಶಾಲೆಗೂ ಒಂದು ಸಾಲು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಬಹುದು. ಆದರೆ ಈ ವರ್ಷ ನನಗೆ ಮೊದಲು ಕೋಪ ಬಂದದ್ದು ನನ್ನ ಮೇಲೆಯೇ.

ಕ್ರೋಂಪೇಟೆಯ ಒಂದು ಖಾಸಗಿ ಶಾಲೆಯಲ್ಲಿ ಏಳನೆಯ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಹನ್ನೊಂದು ವರ್ಷವಾದರೂ ಕಾಯಂ ಆಗಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ಒಂದು ಕಾಗದ ಕೊಡುತ್ತಾರೆ. ಕೊಟ್ಟರೆ ಜೂನ್‌ನಲ್ಲಿ ನಾನು ಮತ್ತೆ ಟೀಚರ್, ಕೊಡದಿದ್ದರೆ ಇಲ್ಲ. ನಮ್ಮದು ಬಳ್ಳಾರಿ ಕಡೆಯಿಂದ ಈ ತಮಿಳು ನಗರಕ್ಕೆ ಬಂದು ಪುರಸೈವಾಕ್ಕಂನಲ್ಲಿ ಪಾತ್ರೆ ಅಂಗಡಿ ಇಟ್ಟ ಮನೆತನ. ಅಂಗಡಿಯಲ್ಲಿ ಕೂತಿದ್ದರೆ ಯಾರ ಕಾಗದಕ್ಕೂ ಕಾಯಬೇಕಿರಲಿಲ್ಲ ಎಂದು ಅಣ್ಣ ಈಗಲೂ ಚುಚ್ಚುತ್ತಾನೆ.

ಪೊಂಗಲ್ ರಜೆ ಮುಗಿದ ಮೇಲೆ ಹವಾಮಾನದ ಪಾಠ ಶುರುವಾಯಿತು. ಈ ಊರಿನ ಮಕ್ಕಳಿಗೆ ಅದನ್ನು ಪುಸ್ತಕದಿಂದ ಹೇಳಿಕೊಡುವುದೇ ತಮಾಷೆ. ಮಳೆಗಾಲದಲ್ಲಿ ನೆಲಮಹಡಿಗೆ ನೀರು ನುಗ್ಗಿ, ಮಂಚದ ಮೇಲೆ ಮಂಚ ಇಟ್ಟು ಕೂತವರು ಅವರು. ಮೇ ತಿಂಗಳಲ್ಲಿ ನಲ್ಲಿಯಿಂದ ಕುದಿನೀರು ಬರುವುದನ್ನು ಕಂಡವರು. ಹಾಗಾಗಿ ಪುಸ್ತಕ ಮುಚ್ಚಿಸಿ, ಸ್ವಿಚ್ಚಿನಿಂದ ಹಿಂದಕ್ಕೆ ಹೋಗೋಣ ಎಂದೆ. ಗೋಡೆಯಿಂದ ಕಂಬಕ್ಕೆ, ಕಂಬದಿಂದ ಟ್ರಾನ್ಸ್‌ಫಾರ್ಮರ್‌ಗೆ, ಅಲ್ಲಿಂದ ನಗರದ ಉತ್ತರದಲ್ಲಿ ಕಲ್ಲಿದ್ದಲು ಸುಡುವ ಕಡೆಗೆ. ದಕ್ಷಿಣಕ್ಕೆ ರೈಲಿನಲ್ಲಿ ಹೋಗಿದ್ದವರು ಗಾಳಿಯಂತ್ರಗಳನ್ನು ನೆನಪಿಸಿದರು. ಒಬ್ಬನ ಮನೆಯ ಮೇಲೆ ಸೋಲಾರ್ ಫಲಕವಿತ್ತು, ಅವನು ಎರಡು ದಿನ ಬೀಗುತ್ತ ಓಡಾಡಿದ.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಾನು ಸ್ಪರ್ಧೆ ಇಟ್ಟೆ. ಪ್ರತಿ ಸೋಮವಾರ ಮನೆಯ ಮೀಟರ್ ನೋಡಿ ಬರಬೇಕು. ಗೋಡೆಯ ಮೇಲೆ ದೊಡ್ಡ ಪಟ್ಟಿ, ಪ್ರತಿ ಮನೆಗೂ ಒಂದು ಸಾಲು, ಒಂದು ಯೂನಿಟ್ಟಿಗೆ ಒಂದು ಚೌಕ. ಎರಡು ತಿಂಗಳ ಕೊನೆಗೆ ಯಾರ ಮನೆಯ ಬಳಕೆ ಹೆಚ್ಚು ಇಳಿದಿದೆಯೋ ಅವರಿಗೆ ವಾರ್ಷಿಕೋತ್ಸವದಲ್ಲಿ ಬಹುಮಾನ. ಮುಖ್ಯೋಪಾಧ್ಯಾಯಿನಿ ಪಟ್ಟಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು.

ಎರಡು ತಿಂಗಳು ಮುಗಿದ ಬೆಳಿಗ್ಗೆ ಒಬ್ಬ ತಾಯಿ ಪಾತ್ರೆಯೊಂದನ್ನು ಹಿಡಿದು ತರಗತಿಯ ಬಾಗಿಲಿಗೇ ಬಂದಳು. ರೈಲ್ವೆ ಸ್ಟೇಷನ್ನಿಗೆ ಹೋಗುವ ಬೀದಿಯಲ್ಲಿ ಮನೆಯಿಂದಲೇ ದೋಸೆ ಹಿಟ್ಟು ಮಾರುವ ಹೆಂಗಸು. ಬೆಳಗಿನ ಲೋಕಲ್ ಹಿಡಿಯುವವರ ಮನೆಗಳಿಗೆಲ್ಲ ಅವಳದೇ ಹಿಟ್ಟು. ಅವಳ ಮಗಳು ನನ್ನ ತರಗತಿಯಲ್ಲಿ ಎರಡನೆಯ ಬೆಂಚು. ತಮಿಳಿನಲ್ಲಿ ಶುರು ಮಾಡಿದವಳು, ನಾನು ಕನ್ನಡದವಳೆಂದು ಮಗಳಿಂದ ಕೇಳಿದ್ದಳೋ ಏನೋ, ಅರ್ಧದಲ್ಲೇ ಕನ್ನಡಕ್ಕೆ ತಿರುಗಿದಳು. ಬೈಯಲು ಅದೇ ಅನುಕೂಲವಾಗಿರಬೇಕು.

"ನೋಡ್ರಿ ಟೀಚರ್, ಮೂರು ಪಾತ್ರೆ ಹಿಟ್ಟು. ಉಕ್ಕಿ ನೆಲಕ್ಕೆ ಬಂದೈತಿ. ಫ್ರಿಜ್ ಆಫ್ ಮಾಡ್ಯಾಳ ಇವಳು. ಯಾರ್ ಹೇಳ್ಕೊಟ್ಟಿದ್ದು ಅಂದ್ರ ಮಿಸ್ಸು ಅಂತಾಳ."

ಹುಡುಗಿ ಎದ್ದು ನಿಂತು, "ನಾನ್‌ದಾನ್ ಆಫ್ ಪಣ್ಣಿನೇನ್, ಮಿಸ್" ಎಂದಳು. ಆಫ್ ಮಾಡಿದ್ದು ತಾನೇ ಎಂದು. ಅವರ ಮನೆಮಾತು ನಮ್ಮ ಕಡೆಯ ಕನ್ನಡವೇ, ಅವಳಿಗೂ ತಿಳಿಯುತ್ತದೆ, ಬಾಯಿಂದ ಬರುವುದು ಮಾತ್ರ ತಮಿಳು.

ನಡೆದದ್ದು ಇಷ್ಟು. ಪಟ್ಟಿಯಲ್ಲಿ ಅವಳ ಮನೆ ಎರಡನೆಯ ಸ್ಥಾನದಲ್ಲಿತ್ತು. ಆರಿಸಬಹುದಾದ್ದನ್ನೆಲ್ಲ ಅವಳು ಆಗಲೇ ಆರಿಸಿಯಾಗಿತ್ತು. ಇದ್ದದ್ದೇ ಎರಡು ಬಲ್ಬು, ಒಂದು ಫ್ಯಾನು, ಗ್ರೈಂಡರು, ಫ್ರಿಜ್ಜು. ಹಗಲಿರುಳು ಕರೆಂಟು ಕುಡಿಯುವುದು ಫ್ರಿಜ್ ಎಂದು ನಾನೇ ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದಿದ್ದೆ. ಕೊನೆಯ ದಿನ ಅವಳು ಅದನ್ನೂ ಆರಿಸಿ ಮಲಗಿದ್ದಳು. ಆ ಸೆಕೆಯಲ್ಲಿ ಹಿಟ್ಟು ಸುಮ್ಮನಿದ್ದೀತೇ? ಮೊದಲ ಸ್ಥಾನವಂತೂ ಅವಳಿಗೆ ಬಂತು.

ನಾನು ಕ್ಷಮೆ ಕೇಳಿದೆ. ಮಕ್ಕಳ ಎದುರಿಗೇ, ಕೈಮುಗಿದು. ಹಿಟ್ಟಿನ ನಷ್ಟ ನಾನು ತುಂಬುತ್ತೇನೆ ಎಂದರೆ ಅವಳು ಒಪ್ಪಲಿಲ್ಲ. ಹೊರಟವಳು ಬಾಗಿಲಲ್ಲಿ ನಿಂತು ಕೇಳಿದಳು, "ನಮ್ಮನ್ಯಾಗ ಏನೈತಿ ಅಂತ ಉಳಸ್ಬೇಕ್ರಿ? ನಿಮ್ ಸ್ಕೂಲಾಗ ಎಸಿ ಹಾಲ್ ಐತಲ್ಲ, ಅದರ ಮೀಟರ್ ಯಾರ್ ನೋಡ್ತಾರ?"

ಅವಳು ಹೇಳಿದ್ದು ಸರಿ. ಹನ್ನೊಂದು ವರ್ಷ ಆ ಹಾಲಿನ ಮುಂದೆಯೇ ಓಡಾಡಿದ್ದೆ, ಖಾಲಿ ಕುರ್ಚಿಗಳಿಗೆ ತಂಪು ಮಾಡುವ ಯಂತ್ರಗಳ ಸದ್ದು ಕೇಳಿದ್ದೆ. ಪಟ್ಟಿ ಬರೆಯುವಾಗ ಮಾತ್ರ ಎರಡು ಬಲ್ಬಿನ ಮನೆಗಳೇ ನನ್ನ ಕಣ್ಣಿಗೆ ಬಿದ್ದಿದ್ದವು. ನನಗೆ ನಾಚಿಕೆಯಾಯಿತು, ಅದರ ಹಿಂದೆಯೇ ಕೋಪ ಬಂತು.

ಮುಂದಿನ ಸೋಮವಾರ ಮಕ್ಕಳನ್ನು ಕರೆದುಕೊಂಡು ವಾಚ್‌ಮನ್ ಕೋಣೆಯ ಪಕ್ಕದ ಮೀಟರ್‌ಗಳ ಹತ್ತಿರ ಹೋದೆ. ಹಾಲಿಗೆ ಬೇರೆಯೇ ಮೀಟರ್ ಇತ್ತು. ಹುಡುಗಿ ಗಟ್ಟಿಯಾಗಿ ಓದಿದಳು, ಉಳಿದವರು ಬರೆದುಕೊಂಡರು. ಪಟ್ಟಿಯ ಕೆಳಗೆ ಶಾಲೆಗೂ ಒಂದು ಸಾಲು ಹಾಕಿದೆವು. ವಾರದ ಕೊನೆಗೆ ಆ ಸಾಲು ಕಾಗದ ದಾಟಿ, ಕಿಟಕಿ ದಾಟಿ, ಕಪಾಟಿನ ತನಕ ಹೋಯಿತು. ಹೊಸ ಕಾಗದ ಅಂಟಿಸುತ್ತ ಹೋದ ಮಕ್ಕಳಿಗೆ ಅಂಟು ಸಾಲಲಿಲ್ಲ. ಅಷ್ಟು ಖುಷಿಯಿಂದ ಅವರು ಲೆಕ್ಕ ಮಾಡಿದ್ದನ್ನು ನಾನು ಅದುವರೆಗೂ ಕಂಡಿರಲಿಲ್ಲ.

ಮುಖ್ಯೋಪಾಧ್ಯಾಯಿನಿ ಬಂದು ನೋಡಿದರು. ಈ ಸಲ ಫೋಟೋ ತೆಗೆಸಿಕೊಳ್ಳಲಿಲ್ಲ. "ವಾರ್ಷಿಕೋತ್ಸವಕ್ಕೆ ಕರೆಸ್ಪಾಂಡೆಂಟ್ ಬರ್ತಾರೆ. ಆ ಸಾಲು ತೆಗೆದುಬಿಡಿ" ಎಂದರು. ಕರೆಸ್ಪಾಂಡೆಂಟ್ ಅಂದರೆ ಇಲ್ಲಿ ಶಾಲೆಯ ಆಡಳಿತ ನಡೆಸುವವರು. ಶಾಲೆ ಅವರ ಕುಟುಂಬದ್ದು, ನನ್ನ ಏಪ್ರಿಲ್ ಕಾಗದಕ್ಕೆ ಸಹಿ ಹಾಕುವವರೂ ಅವರೇ. ಅದನ್ನೂ ಮುಖ್ಯೋಪಾಧ್ಯಾಯಿನಿ ಮೆತ್ತಗೆ ನೆನಪಿಸಿದರು. ನಾನು ಸಾಲು ತೆಗೆಯಲಿಲ್ಲ.

ವಾರ್ಷಿಕೋತ್ಸವ ನಡುಮಧ್ಯಾಹ್ನ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಹಾಲಿನೊಳಗೆ ಪರದೆಗಳನ್ನೆಲ್ಲ ಎಳೆದು ದೀಪಗಳನ್ನೆಲ್ಲ ಹಾಕಿದ್ದರು. ಅರ್ಧ ತೋಳಿನ ಸಮವಸ್ತ್ರದಲ್ಲಿ ಮಕ್ಕಳು ಕೈಕಟ್ಟಿ ನಡುಗುತ್ತಿದ್ದರು. ಕರೆಸ್ಪಾಂಡೆಂಟ್ ಭೂಮಿಯನ್ನು ಉಳಿಸುವ ಬಗ್ಗೆ ಬಹಳ ಹೊತ್ತು ಮಾತಾಡಿದರು. ಆಮೇಲೆ ವಿದ್ಯುತ್ ಉಳಿತಾಯದ ಬಹುಮಾನ ಎಂದು ಹುಡುಗಿಯ ಹೆಸರು ಕರೆದರು, ಕಪ್ ಕೊಡಲು ನನ್ನನ್ನೂ ಕರೆದರು.

ಮೈಕು ನನ್ನ ಕೈಗೆ ಬಂತು. ನಾನೇನೂ ಧೈರ್ಯವಂತೆಯಲ್ಲ. ಆದರೂ ಹೇಳಿದೆ. "ಈ ಕಪ್ಪನ್ನು ಇವಳಿಗೆ ಕೊಡಲಾರೆ. ಇವಳ ಮನೆಯಲ್ಲಿ ಉಳಿಸಲು ಏನೂ ಇರಲಿಲ್ಲ. ತಪ್ಪು ನನ್ನದು. ಪಟ್ಟಿಯಲ್ಲಿ ಕೊನೆಯ ಸ್ಥಾನದಲ್ಲಿ ಯಾರಿದ್ದಾರೋ ಅವರ ಬಳಕೆ ಇಳಿಯುವ ತನಕ ಕಪ್ ನನ್ನ ತರಗತಿಯಲ್ಲೇ ಇರುತ್ತದೆ. ಕೊನೆಯ ಸ್ಥಾನದಲ್ಲಿರುವುದು ನಾವು ಈಗ ಕೂತಿರುವ ಜಾಗ."

ಕರೆಸ್ಪಾಂಡೆಂಟ್ ಮೈಕಿಗಾಗಿ ಕೈ ಚಾಚಿದರು. ಹುಡುಗಿ ಪಕ್ಕದ ಕಿಟಕಿಗೆ ಹೋಗಿ ಪರದೆ ಸರಿಸಿದಳು. ಬಿಸಿಲು ವೇದಿಕೆಯ ತನಕ ಬಂತು. ನನ್ನ ತರಗತಿಯವರು ಒಬ್ಬೊಬ್ಬರಾಗಿ ಎದ್ದು ಉಳಿದ ಪರದೆಗಳನ್ನು ಸರಿಸಿದರು. ಯಾರೂ ಅವರಿಗೆ ಹೇಳಿರಲಿಲ್ಲ, ನಾನಂತೂ ಹೇಳಿರಲಿಲ್ಲ.

ಮರುದಿನ ಕರೆಸ್ಪಾಂಡೆಂಟ್ ನನ್ನನ್ನು ಕೋಣೆಗೆ ಕರೆಸಿದರು. ಏರಿದ ದನಿಯಲ್ಲಿ ಮಾತಾಡುವವರಲ್ಲ ಅವರು. ಮೇಜಿನ ಮೇಲೆ ನನ್ನ ಕಾಗದ ಸಿದ್ಧವಾಗಿತ್ತು, ಸಹಿ ಮಾತ್ರ ಇರಲಿಲ್ಲ. "ಒಂದು ಕ್ಷಮಾಪಣೆ ಬರೆದುಕೊಡಿ ಮೇಡಂ, ಈಗಲೇ ಸಹಿ ಹಾಕ್ತೇನೆ" ಎಂದರು.

"ಕ್ಷಮೆ ಕೇಳಬೇಕಾದವರನ್ನು ಕೇಳಿಯಾಗಿದೆ ಸರ್" ಎಂದೆ. "ಅವರು ಹಿಟ್ಟು ಮಾರುತ್ತಾರೆ."

ಅವರು ಕಾಗದವನ್ನು ಡ್ರಾಯರಿನೊಳಗೆ ಇಟ್ಟರು. ಸಂಜೆ ಅಣ್ಣನಿಗೆ ಹೇಳಿದೆ. ಅಂಗಡಿಯಲ್ಲಿ ಜಾಗ ಇದೆ ಎಂದ, ಈ ಸಲ ಚುಚ್ಚದೆ. ಬೇಡ ಎಂದೆ.

ರಜೆಗೆ ಇನ್ನು ಎರಡು ವಾರವಿದೆ. ಸೋಮವಾರ ನಾನು ತರಗತಿಗೆ ಹೋಗುವ ಹೊತ್ತಿಗೆ ಮಕ್ಕಳು ಸಾಲಾಗಿ ನಿಂತಿದ್ದರು, ಕೈಯಲ್ಲಿ ಪುಸ್ತಕ, ಪೆನ್ಸಿಲ್. ಮುಂದೆ ನಿಂತಿದ್ದ ಹುಡುಗಿ, "ಟೀಚರ್, ರೀಡಿಂಗ್‌ಗೆ ಹೋಗೋಣ್ರಿ" ಎಂದಳು, ಕನ್ನಡದಲ್ಲಿ. ಮುಖ್ಯೋಪಾಧ್ಯಾಯಿನಿ ವರಾಂಡದಲ್ಲಿ ನಿಂತು ನೋಡುತ್ತಿದ್ದರು. ನಾವು ಅವರ ಮುಂದಿನಿಂದಲೇ ಮೀಟರಿನ ಕಡೆ ನಡೆದೆವು.