ಎದೆಯ ನಡುವಿನ ಪಿನ್ನು

ಮೊದಲ ಏಟು ಸೆಕಾಕೆಯ ಎಡಗಿವಿಗೆ ಬಿತ್ತು. ಕಬ್ಬಿಣದ ಸರಳು. ಆಗಷ್ಟೇ ಬೆಳಕು ಹರಿದಿತ್ತು. ಬೆಳಗಿನ ಪಾಳಿಗೆಂದು ಅವನು ರೈಲು ಸೇತುವೆ ದಾಟುತ್ತಿದ್ದ. ಎರಡನೆಯ ಏಟಿಗೆ ದವಡೆ ಮುರಿಯಿತು. ಜಲ್ಲಿಯ ಮೇಲೆ ಬಿದ್ದವನನ್ನು ಮೂವರು ಬೂಟುಗಾಲಲ್ಲಿ ಒದ್ದರು. "ಇಲಿ, ಇಲಿ" ಎನ್ನುತ್ತಲೇ ಒದ್ದರು. ಮುಷ್ಕರ ಮುರಿದು ಗಣಿಗೆ ಇಳಿಯುವವನಿಗೆ ಅಲ್ಲಿ ಅದೇ ಹೆಸರು. ಕೊನೆಗೆ ನಾಲ್ಕನೆಯವನು ಗಂಟುದೊಣ್ಣೆ ಹಿಡಿದು ಬಾಗಿದ. ಮುಖ ಮುಚ್ಚುವ ಮಂಗನ ಟೋಪಿ, ಮೈಮೇಲೆ ಲೆಸೊಥೊದವರು ಪಿನ್ನು ಚುಚ್ಚಿ ಹೊದೆಯುವ ಬಸೊಥೊ ಕಂಬಳಿ. ದೊಣ್ಣೆ ಎರಡು ಸಲ ಇಳಿಯಿತು, ಎರಡು ಪಕ್ಕೆಲುಬು ಮುರಿದವು.

ಸೆಕಾಕೆ ಲೆಬುಸಾ ಲೆಸೊಥೊದ ಬೆಟ್ಟಗಳಲ್ಲಿ ಕುರಿ ಕಾಯ್ದು ಬೆಳೆದವನು. ಹತ್ತೊಂಬತ್ತಕ್ಕೆ ಗಡಿಯಾಚೆಯ ರುಸ್ಟೆನ್‌ಬರ್ಗಿನ ಪ್ಲಾಟಿನಂ ಗಣಿಗೆ ಬಂದು, ಇಪ್ಪತ್ತೆರಡು ವರ್ಷ ಬಂಡೆ ಕೊರೆದಿದ್ದ. ಮಾತು ಕಡಿಮೆ. ಬಂಡೆ ಕುಸಿಯುವ ಮೊದಲು ಸಣ್ಣಗೆ ಟಿಕ್ ಅನ್ನುವುದನ್ನು ಗುಂಪಿನಲ್ಲಿ ಎಲ್ಲರಿಗಿಂತ ಮೊದಲು ಕೇಳಿಸಿಕೊಳ್ಳುತ್ತಿದ್ದವನು ಅವನೇ. ಮುಷ್ಕರದ ಆರನೆಯ ವಾರ ಮನೆಯಲ್ಲಿ ಹಿಟ್ಟು ಮುಗಿದಾಗ ಕೆಲಸಕ್ಕೆ ಹೊರಟ. ಆಸ್ಪತ್ರೆಯಿಂದ ಮರಳಿ ಬಂದಾಗ ಎಡಗಿವಿ ಸತ್ತಿತ್ತು. ಒಂದೇ ಕಿವಿಯವನಿಗೆ ನೆಲದಡಿಯ ಕೆಲಸವೆಂದರೆ ಸಾವನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗಿದಂತೆ.

ಆಸ್ಪತ್ರೆಯಲ್ಲಿ ದವಡೆಗೆ ತಂತಿ ಬಿಗಿದಿದ್ದಾಗ ಕಂಪನಿಯ ಅಧಿಕಾರಿ ಫೂರಿ ಬಂದು, ಹೊಡೆದವರು ಯಾರೆಂದು ಕೇಳಿದ. ಸೆಕಾಕೆ ಮೈಮೇಲಿನ ಹೊದಿಕೆಯನ್ನು ಮುಟ್ಟಿ ತೋರಿಸಿದ. "ಕಂಬಳಿಯವನಾ? ಹಾಗಾದ್ರೆ ಫಾಕಿಸೊ," ಎಂದ ಫೂರಿ. ಮುಷ್ಕರದ ಮುಂದಾಳುಗಳಲ್ಲಿ ಕಂಬಳಿ ಹೊದೆಯುವವನು ಫಾಕಿಸೊ ಒಬ್ಬನೇ. ಫೂರಿ ಅದನ್ನು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ರುಜು ಹಾಕಿಸಿಕೊಂಡ. ಸೆಕಾಕೆಯೂ ತಡೆಯಲಿಲ್ಲ. ಮುಷ್ಕರದ ಮೊದಲ ದಿನ ಸಾವಿರ ಜನರ ಎದುರು ಫಾಕಿಸೊ ಅವನ ಕೆನ್ನೆಗೆ ಬಾರಿಸಿದ್ದ.

ಕಂಪನಿಯ ಒಳವಿಚಾರಣೆ ಹತ್ತು ನಿಮಿಷಕ್ಕೆ ಮುಗಿಯಿತು. ಆ ಕಾಗದ ಓದಿದರು, ಫಾಕಿಸೊಗೆ ಒಂದು ಪ್ರಶ್ನೆಯನ್ನೂ ಕೇಳಗೊಡದೆ ವಜಾ ಮಾಡಿದರು. ಅವನು ಕಾರ್ಮಿಕರ ತಕರಾರು ತೀರಿಸುವ ಪಂಚಾಯ್ತಿ ಕಮಿಷನ್ನಿಗೆ ದೂರು ಕೊಟ್ಟ. ಅಲ್ಲಿನ ಕಮಿಷನರ್ ಮಬುಂಡಾ ಎಂಬ ಹೆಂಗಸು ಕಾಗದವನ್ನು ಪಕ್ಕಕ್ಕಿಟ್ಟು, "ಕಾಗದಕ್ಕೆ ಪ್ರಶ್ನೆ ಕೇಳೋಕಾಗಲ್ಲ. ಹೇಳಿದವ್ರು ಬರ್ಲಿ," ಎಂದಳು.

ಕಮಿಷನ್ನಿನ ವಿಚಾರಣೆಯ ದಿನ ಒಳಗೆ ಹೋಗುವ ಮೊದಲು ಫೂರಿ ಸೆಕಾಕೆಗೆ ಮೆಲ್ಲನೆ ಹೇಳಿದ: "ಮುಖ ನೋಡ್ದೆ ಅಂತ ಒಂದ್ಮಾತು ಹೇಳಿ ಸಾಕು. ಸೋಮವಾರದಿಂದ ನೆಲದ ಮೇಲೇನೇ, ದೀಪದ ಕೋಣೇಲಿ ಕೆಲಸ."

ಕಿಟಕಿಯ ಹೊರಗೆ ಮುಷ್ಕರದವರು ಕೋಲುಗಳನ್ನು ಒಂದಕ್ಕೊಂದು ಬಡಿಯುತ್ತ ಹಾಡುತ್ತಿದ್ದರು. ಒಂದು ಕಲ್ಲು ಬಂದು ಗಾಜನ್ನು ಸೀಳಿತು. ಮಬುಂಡಾ ತಲೆಯೆತ್ತಲಿಲ್ಲ. ಸೆಕಾಕೆ ಪ್ರಮಾಣ ಮಾಡಿದ. ಫಾಕಿಸೊ ತಾನೇ ಎದ್ದು, ಹಿರಿಯರನ್ನು ಕರೆಯುವಂತೆ 'ನ್ತಾತೆ' ಎಂದು ಕರೆದು ಪ್ರಶ್ನೆ ಹಾಕಿದ.

"ನ್ತಾತೆ ಸೆಕಾಕೆ, ನಿನ್ನ ಬೆಟ್ಟದ ಆಚೆ ಕಣಿವೆಯವನು ನಾನು. ಇಲಿಗಳಿಗೂ ಕಣ್ಣಿರುತ್ತಲ್ಲ, ನನ್ನ ಮುಖ ನೋಡ್ದ್ಯಾ?"

"ಇಲಿ ಅನ್ನೋ ಮಾತು ಇಲ್ಲಿ ಬೇಡಪ್ಪ," ಎಂದಳು ಮಬುಂಡಾ. "ಪ್ರಶ್ನೆ ಅಷ್ಟೇ ಕೇಳು."

ಸಾವಿರ ಜನರ ಎದುರು ತನ್ನ ಕೆನ್ನೆಗೆ ಬಾರಿಸಿದ್ದ ಆ ಕೈಯನ್ನು ಸೆಕಾಕೆ ನೋಡಿದ. ಒಂದೇ ಮಾತು ಸಾಕು, ಆ ಕೈ ಮತ್ತೆಂದೂ ಗಣಿಯ ಬಾಗಿಲು ಮುಟ್ಟುವುದಿಲ್ಲ.

"ಮುಖ ಕಾಣ್ಲಿಲ್ಲ," ಎಂದ. "ಕಂಬಳಿ ಕಂಡೆ. ಪಿನ್ನು ಎದೆ ಮಧ್ಯದಲ್ಲಿ ಚುಚ್ಚಿತ್ತು."

"ಅದ್ರಿಂದೇನು?" ಎಂದ ಫೂರಿ.

"ಎದೆ ಮೇಲೆ ಚುಚ್ಚೋದು ನಮ್ಮ ಹೆಂಗಸ್ರು, ಸ್ವಾಮಿ. ಗಂಡಸ್ರು ಬಲಗಡೆ ಹೆಗಲ ಮೇಲೆ. ನಡೆಯೋಕೆ ಕಲಿತಾಗ್ಲೇ ಕಲೀತೀವಿ, ಕುಡಿದಿದ್ರೂ ಕೈ ತಪ್ಪಲ್ಲ. ಅವನು ನಮ್ಮವನೇ ಅಲ್ಲ. ಕಂಬಳಿ ಯಾರದ್ದೋ, ಒಳಗಿದ್ದೋನು ಯಾರೋ."

ಫೂರಿಯ ಕತ್ತು ಕೆಂಪಾಯಿತು. "ಹೊರಗಿರೋ ಗುಂಪಿಗೆ ಹೆದರಿದ್ದೀರಿ ನೀವು."

"ಹೆದರಿದ್ದೀನಿ. ಆದ್ರೂ ಪಿನ್ನು ಎದೆ ಮಧ್ಯದಲ್ಲೇ ಇತ್ತು."

"ಆಸ್ಪತ್ರೇಲಿ ಯಾಕೆ ಹೇಳ್ಲಿಲ್ಲ?" ಎಂದು ಮಬುಂಡಾ ಕೇಳಿದಳು.

"ಬಾಯಿಗೆ ತಂತಿ ಇತ್ತಮ್ಮ." ಆಮೇಲೆ ತಾನೇ ಸೇರಿಸಿದ: "ತಂತಿ ಬಿಚ್ಚಿ ನಾಲ್ಕು ತಿಂಗಳಾಯ್ತು. ಹೇಳೋಕೆ ಮನಸ್ಸಿರ್ಲಿಲ್ಲ."

ಅವಳು ಎರಡನ್ನೂ ಬರೆದುಕೊಂಡಳು.

ಎರಡು ವಾರಕ್ಕೆ ತೀರ್ಪು ಬಂತು: ವಜಾ ಅನ್ಯಾಯದ್ದು, ಫಾಕಿಸೊನನ್ನು ಮತ್ತೆ ತೆಗೆದುಕೊಳ್ಳಬೇಕು. ದೀಪದ ಕೋಣೆಯ ಕೆಲಸ ಬೇರೊಬ್ಬನಿಗೆ ಹೋಯಿತು. ಮುಷ್ಕರ ಮುಗಿದು ಎಲ್ಲರೂ ಕೆಲಸಕ್ಕೆ ಮರಳಿದ ಸೋಮವಾರ ಸೆಕಾಕೆ ಗಣಿಗಿಳಿಸುವ ಲಿಫ್ಟಿನ ಪಂಜರದ ಸಾಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಯಾರೋ ಪಕ್ಕೆಗೆ ಮೊಣಕೈ ಹಾಕಿದರು, ಮುಂದಿದ್ದವನು ಅವನ ಬೂಟಿನ ಮೇಲೆ ಉಗಿದ. ಫಾಕಿಸೊ ಸಾಲು ಸೀಳಿಕೊಂಡು ಬಂದು ಎದುರು ನಿಂತ.

"ಆವತ್ತು ಸೇತುವೆ ಮೇಲೆ ನಾನಿದ್ದಿದ್ರೆ ನೀನು ಬದುಕಿರ್ತಿರ್ಲಿಲ್ಲ," ಎಂದ.

"ಗೊತ್ತು," ಎಂದ ಸೆಕಾಕೆ. "ಅದನ್ನ ಯಾರೂ ಕೇಳ್ಲಿಲ್ಲ. ಕೇಳಿದ್ರೆ ಅದನ್ನೂ ಹೇಳ್ತಿದ್ದೆ."

ಪಂಜರದ ಬಾಗಿಲು ತೆರೆಯಿತು. ಇಬ್ಬರೂ ಒಳಗೆ ಹೋದರು.